ಖಳನಾಯಕನ ಬಾಗಿಲಿಗೆ ಯಾರೂ ಬರಲಿಲ್ಲ

ಈ ಸಂಗತಿಯನ್ನು ಹೇಳಿಬಿಡಬೇಕು ಎಂದು ಮೊದಲ ಸಲ ಅನ್ನಿಸಿದಾಗ ನನ್ನ ಮೀಸೆ ಕಪ್ಪಗಿತ್ತು. ಅವಸರವೇನಿದೆ ಎಂದುಕೊಂಡೆ. ಮೀಸೆ ಬೆಳ್ಳಗಾಯಿತು, ಸಾವಕಾಶ ಹೇಳಿದರಾಯಿತು ಎಂದುಕೊಂಡೆ. ಈಗ ಮೀಸೆಯನ್ನೇ ಬೋಳಿಸಿಬಿಟ್ಟಿದ್ದೇನೆ, ಸಂಗತಿ ಮಾತ್ರ ಹಾಗೆಯೇ ಉಳಿದಿದೆ. ತಪ್ಪು ಮಾಡಲು ನನಗೆ ಐದು ನಿಮಿಷ ಸಾಕಾಗಿತ್ತು, ಅದನ್ನು ಒಪ್ಪಿಕೊಳ್ಳಲು ಒಂದು ಜೀವಮಾನ ಸಾಲುತ್ತಿಲ್ಲ. ಮ್ಯಾಟ್ರಿಕ್‌ವರೆಗೆ ಓದಿದವನು ನಾನು, ಅಷ್ಟು ಓದಿದ್ದಕ್ಕೆ ಸುಳ್ಳನ್ನು ಚಂದಾಗಿ ಹೇಳಲು ಬರುತ್ತದೆ. ಸತ್ಯವನ್ನು ಚಂದಾಗಿ ಹೇಳಲು ಇನ್ನೂ ನಾಲ್ಕು ತರಗತಿ ಓದಬೇಕಾಗಿತ್ತೋ ಏನೋ. ಅಂತೂ ಕಡೆಗೆ ಇದನ್ನು ನನ್ನ ಬಾಯಿಂದ ಹೊರಡಿಸಿದ್ದು ದೇವರಲ್ಲ, ಧರ್ಮವಲ್ಲ, ಬೆಳ್ಳಿ ಬಣ್ಣದ ಬಿಗಿಯಾದ ಬಟ್ಟೆ ತೊಟ್ಟು ಆಕಾಶದಲ್ಲಿ ಹಾರಾಡುವ ಒಬ್ಬ ಪರದೇಶದ ವೀರ.

ನನ್ನ ಮಗನ ಮಗಳು ಅಂಬಿಕಾ ಕಲಬುರಗಿಯ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಾಳೆ. ಓದುತ್ತಾಳೆ ಎನ್ನುವುದು ಅವಳ ತಂದೆಯ ನಂಬಿಕೆ. ನಾನು ಕಂಡಂತೆ ಅವಳು ಮೊಬೈಲನ್ನು ಅಕ್ಕಿಯ ಡಬ್ಬಿಗೆ ಒರಗಿಸಿ ನಿಲ್ಲಿಸಿ, ಅದರ ಮುಂದೆ ಕೈ ಬೀಸುತ್ತ ಸಿನಿಮಾ ವಿಮರ್ಶೆ ಮಾಡುತ್ತಾಳೆ. ಅದೂ ಬರೀ ಇಂಥ ಹಾರುವ ವೀರರ ಸಿನಿಮಾಗಳದ್ದು. ಕಥೆಯಲ್ಲಿ ಎಲ್ಲೆಲ್ಲಿ ತೂತು ಇದೆ ಎಂದು ಹುಡುಕುವುದು ಅವಳ ಪರಿಣತಿ. ಅವಳಜ್ಜಿ ಜೋಳ ಹಸನು ಮಾಡುವಾಗ ಹರಳು ಆರಿಸಿ ಎಸೆಯುವ ಹಾಗೆ ಇವಳು ಕಥೆಯ ತೂತುಗಳನ್ನು ಆರಿಸಿ ಎಸೆಯುತ್ತಾಳೆ. ಸಾವಿರಾರು ಜನ ನೋಡುತ್ತಾರಂತೆ. ಅವರಿಗೂ ಪರೀಕ್ಷೆಗಳಿಲ್ಲವೇ ಎಂದು ಕೇಳಿದ್ದಕ್ಕೆ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದಳು.

ಒಂದು ದಿನ ಬಂದು, ‘ಮುತ್ಯಾ, ನಾಳಿಗಿ ಪಿಚ್ಚರಕ್ಕ ಹೋಗೋಣ ಬಾ. ಹೊಸಾ ಶುರುವಾತ ಅದ’ ಎಂದಳು.

‘ಹೊಸಾ ಪಿಚ್ಚರೇನು?’

‘ಹೊಸಾದಲ್ಲ. ಹಳೇದೇ. ಮತ್ತ ಮೊದಲಿಂದ ಶುರು ಮಾಡ್ಯಾರ. ಹೊಸಾ ಹೀರೋ, ಹೊಸಾ ವಿಲನ್, ಅದೇ ಕಥಿ.’

‘ಯಾಕ? ಮೊದಲಿಂದು ಓಡಲಿಲ್ಲೇನು?’

‘ಓಡಿತ್ತು. ಅದಕ್ಕೇ ಮತ್ತ ಓಡಸ್ಲಾಕತ್ತಾರ.’

ನನಗೆ ಇದರಲ್ಲಿ ಆಶ್ಚರ್ಯವೇನೂ ಅನ್ನಿಸಲಿಲ್ಲ. ನಮ್ಮ ಬೀಗರೊಬ್ಬರು ತಮ್ಮ ಕಾಶಿಯಾತ್ರೆಯ ಕಥೆಯನ್ನು ಪ್ರತಿ ಹಬ್ಬಕ್ಕೂ ಮೊದಲಿಂದ ಶುರು ಮಾಡುತ್ತಾರೆ. ಪ್ರತಿ ಸಲ ಕಳ್ಳ ಬೇರೆ, ಕಳೆದ ಸಾಮಾನು ಬೇರೆ, ಅವರ ಶೌರ್ಯ ಮಾತ್ರ ಹೆಚ್ಚುತ್ತ ಹೋಗುತ್ತದೆ. ಈ ಸಿನಿಮಾದವರೂ ಹಾಗೆಯೇ. ಮೊದಲೆರಡು ಸಲ ಅಂಬಿಕಾಳ ಜೊತೆ ನಾನು ಹೋದದ್ದು ಥೇಟರಿನ ತಂಪಿಗಾಗಿ. ಮೇ ತಿಂಗಳಿನಲ್ಲಿ ಸೂಪರ್ ಮಾರ್ಕೆಟ್ ಬಜಾರಿನ ರಸ್ತೆಯಲ್ಲಿ ನಿಂತರೆ ಚಪ್ಪಲಿಯೇ ಡಾಂಬರಿಗೆ ಅಂಟಿಕೊಳ್ಳುತ್ತದೆ, ಥೇಟರಿನೊಳಗೆ ಮೂರು ತಾಸು ಹಿಮಾಲಯದಲ್ಲಿ ಕೂತಂತೆ ಕೂರಬಹುದು. ಆದರೆ ಕೂತ ಮೇಲೆ ಕಣ್ಣು ಬಿಡಲೇಬೇಕಲ್ಲ. ಬಿಟ್ಟರೆ ನನಗೂ ಪ್ರಶ್ನೆಗಳು ಬರತೊಡಗಿದವು. ಪ್ರತಿ ಸಿನಿಮಾದಲ್ಲೂ ಊರಿಗೆ ಊರೇ ಬೀಳುತ್ತದೆ, ಆ ಕಲ್ಲುಮಣ್ಣು ಎತ್ತುವವರು ಯಾರು? ಹೀರೋ ಎಷ್ಟು ಹೊತ್ತಿಗೆ ಹಾರಿದರೂ ಬಟ್ಟೆ ಇಸ್ತ್ರಿಯಾಗಿರುತ್ತದೆ, ಅವರ ಮನೆಯಲ್ಲಿ ಯಾರು ಇಸ್ತ್ರಿ ಮಾಡುತ್ತಾರೆ? ಎಲ್ಲಕ್ಕಿಂತ ಮುಖ್ಯವಾಗಿ, ಆ ವಿಲನ್. ಗುಡ್ಡದಷ್ಟು ದೊಡ್ಡ ಯಂತ್ರ ಕಟ್ಟುವ ಬುದ್ಧಿಯಿದೆ, ಬಂಡವಾಳವಿದೆ, ಹೇಳಿದಂತೆ ಕೇಳುವ ಆಳುಗಳಿದ್ದಾರೆ. ನಮ್ಮ ಕಡೆ ಬಂದು ಒಂದು ತೊಗರಿಬೇಳೆ ಮಿಲ್ಲು ಹಾಕಿದ್ದರೆ ಮೂರು ತಲೆಮಾರು ಕೂತು ಉಣ್ಣಬಹುದಿತ್ತು. ಅದು ಬಿಟ್ಟು ಲೋಕವನ್ನು ಯಾಕೆ ಹಾಳು ಮಾಡಬೇಕು?

‘ಅದೇ ನೋಡು ಮುತ್ಯಾ,’ ಎಂದು ಅಂಬಿಕಾ ಖುಷಿಯಿಂದ ನನ್ನ ತೊಡೆಗೆ ಹೊಡೆಯುತ್ತಿದ್ದಳು. ‘ವಿಲನ್ ಏನ್ ಮಾಡಿದ ಅಂಬೋದು ಯಾರರೆ ತೋರಸ್ತಾರ. ಯಾಕ ಮಾಡಿದ ಅಂಬೋದು ತೋರಸ್ಲಿಕ್ಕಿ ಬರಬೇಕು.’

ಮರುದಿನ ಹೋದೆವು. ಪರದೆಯ ಮೇಲೆ ಬೆಳ್ಳಿ ಬಟ್ಟೆಯ ವೀರ ಹಾರಿ ಬಂದ. ಬಿಳಿ ಗಡ್ಡದ ವಿಲನ್ ಬಂದ. ಸಮುದ್ರವನ್ನೇ ಎತ್ತಿ ಊರ ಮೇಲೆ ಸುರಿಯುತ್ತೇನೆ ಎಂದ. ಅಯ್ಯೋ, ಇವನನ್ನು ನಾನು ಬಲ್ಲೆ! ಕಲಬುರಗಿಗೆ ಬರುವ ಮೊದಲು ನಮ್ಮೂರು ಕಮಲಾಪುರದ ಟಾಕೀಸಿನಲ್ಲಿ ನಾನು ಆಪರೇಟರ್ ಆಗಿದ್ದಾಗ ಈ ಸಿನಿಮಾದ ಹಳೆಯ ಅವತಾರವನ್ನು ಇದೇ ಕೈಯಿಂದ ಓಡಿಸಿದ್ದೆ. ಇನ್ನು ಸ್ವಲ್ಪ ಹೊತ್ತಿಗೆ ವಿಲನ್ ತನ್ನ ಮನೆಗೆ ಹೀರೋನನ್ನು ಎಳೆದುಕೊಂಡು ಹೋಗುತ್ತಾನೆ, ಬಾಗಿಲು ತೆರೆದು ಹೊರಗಿನ ಖಾಲಿ ರಸ್ತೆ ತೋರಿಸುತ್ತಾನೆ, ಚೌಕಟ್ಟು ಹಿಡಿದುಕೊಂಡು ಅಳುತ್ತ ಬಹಳ ಹೊತ್ತು ಇಂಗ್ಲಿಷಿನಲ್ಲಿ ಏನೋ ಹೇಳುತ್ತಾನೆ. ಅಂದು ನಮ್ಮ ಊರಲ್ಲಿ ಅದು ಯಾರಿಗೂ ತಿಳಿದಿರಲಿಲ್ಲ. ಇವತ್ತು ಹಿಂದಿಯಲ್ಲಿ ಮಾತಾಡುತ್ತಿದ್ದಾರೆ. ಇಷ್ಟು ವರ್ಷಗಳ ಮೇಲೆ ಆ ಮನುಷ್ಯ ಬಾಗಿಲಲ್ಲಿ ನಿಂತು ಏನೆಂದ ಎಂಬುದು ನನಗೆ ತಿಳಿಯಲಿದೆ!

ಕುರ್ಚಿಯ ತುದಿಗೆ ಬಂದು ಕಾದೆ. ಬಾಗಿಲು ಬರಲಿಲ್ಲ. ಯುದ್ಧ ಶುರುವಾಯಿತು, ಬಾಗಿಲು ಬರಲಿಲ್ಲ. ಹೊಸ ವಿಲನ್ನನಿಗೆ ಮನೆಯೇ ಇರಲಿಲ್ಲ. ಸಮುದ್ರ ಸುರಿಯುವುದು ಅವನಿಗೆ ಒಂದು ಹವ್ಯಾಸವಿದ್ದಂತಿತ್ತು. ಸಿನಿಮಾ ಮುಗಿಯುವ ಲಕ್ಷಣ ಕಂಡಾಗ ನಾನು ತಡೆಯಲಾರದೆ ಎದ್ದು ನಿಂತು, ‘ಬಾಗಲಾ ಎಲ್ಲ್ಯದ್ರೀ?’ ಎಂದು ಕೂಗಿಬಿಟ್ಟೆ.

ಟಾರ್ಚು ಹಿಡಿದ ಒಬ್ಬ ಹುಡುಗಿ ಓಡಿ ಬಂದಳು. ‘ಹೆದರಬ್ಯಾಡ್ರಿ ಅಂಕಲ್, ಬಾಗಲಾ ಈ ಕಡಿ ಅದ. ಬಾತ್‌ರೂಮ್ ಎಡಕ್ಕ’ ಎಂದು ಮೃದುವಾಗಿ ನನ್ನ ತೋಳು ಹಿಡಿದಳು. ಸಾಲಿಗೆ ಸಾಲೇ ಕಾಲು ಮಡಚಿ ದಾರಿ ಬಿಟ್ಟಿತು. ಬೇಡವೆಂದು ಹೇಳಲು ನಾಚಿಕೆಯಾಗಿ ಹೋಗಿ ಬಂದೆ.

ಹೊರಗೆ ಬಂದದ್ದೇ ಅಂಬಿಕಾ ಹಿಡಿದುಕೊಂಡಳು. ‘ಯಾವ ಬಾಗಲಾ ಮುತ್ಯಾ?’ ಆಟೋದಲ್ಲಿ ಹೇಳಲು ಶುರು ಮಾಡಿದೆ, ಮನೆಯ ಪಡಸಾಲೆಯಲ್ಲಿ ಮುಂದುವರಿಸಿದೆ. ಅಲ್ಲಿ ನನ್ನ ಹೆಂಡತಿ ನೀಲಮ್ಮ ಮೆಂತ್ಯೆಸೊಪ್ಪು ಬಿಡಿಸುತ್ತ ಕೂತಿದ್ದಳು ಎಂಬುದನ್ನು ನಾನು ಲಕ್ಷ್ಯಕ್ಕೆ ತಂದುಕೊಳ್ಳಬೇಕಾಗಿತ್ತು.

ಸಂಗತಿ ಹೀಗಿತ್ತು. ಆ ಕಾಲಕ್ಕೆ ನಮ್ಮ ಟಾಕೀಸಿಗೆ ಕಲಬುರಗಿಯಿಂದ ಸಿನಿಮಾದ ಪೆಟ್ಟಿಗೆ ಬಸ್ಸಿನ ಮೇಲೆ ಬರುತ್ತಿತ್ತು. ಪೆಟ್ಟಿಗೆಯಲ್ಲಿ ರೀಲಿನ ಡಬ್ಬಿಗಳು. ಒಂದು ಸಲ ಯಾರೋ ಪೆಟ್ಟಿಗೆ ಅದಲು ಬದಲು ಮಾಡಿ, ಬರಬೇಕಾದ ಕುಟುಂಬ ಚಿತ್ರದ ಬದಲು ಈ ಇಂಗ್ಲಿಷ್ ವೀರ ಬಂದಿಳಿದ. ಜನ ಆಗಲೇ ಟಿಕೆಟ್ ತೆಗೆದು ಕೂತಿದ್ದರು. ಮಾಲೀಕರು ಹಣೆ ಹಣೆ ಬಡಿದುಕೊಂಡರು. ಆಗ ನನ್ನ ಗೆಳೆಯನೊಬ್ಬ, ಬಸ್‌ಸ್ಟ್ಯಾಂಡಿನಲ್ಲಿ ನಮ್ಮೂರ ಕೆಂಪು ಬಾಳೆಹಣ್ಣು ಮಾರುತ್ತಿದ್ದವನು, ‘ಮೈಕ್ ಕೊಡ್ರಿ, ನಾ ತಿಳಿಸಿ ಹೇಳ್ತೀನಿ’ ಎಂದ. ಅವನಿಗೆ ಇಂಗ್ಲಿಷಿನ ಒಂದಕ್ಷರ ಬರುತ್ತಿರಲಿಲ್ಲ. ಆದರೆ ಹೊರಟ ಬಸ್ಸಿನ ಕಿಟಕಿಗೆ ಓಡುತ್ತ ಹಣ್ಣು ಮಾರಿದ ಗಂಟಲು ಅದು. ಪರದೆಯ ಪಕ್ಕದಲ್ಲಿ ಸ್ಟೂಲಿನ ಮೇಲೆ ನಿಂತು ಪಾತ್ರಗಳ ಮಾತನ್ನೆಲ್ಲ ನಮ್ಮ ಭಾಷೆಯಲ್ಲಿ ಹೇಳಿದ. ಹೀರೋಗೆ ಒಬ್ಬ ಸೋದರಮಾವನನ್ನು ಹುಟ್ಟಿಸಿದ. ಪೊಲೀಸ್ ಅಧಿಕಾರಿಗೆ ಸಕ್ಕರೆ ಕಾಯಿಲೆ ತರಿಸಿದ. ಜನ ಹುಚ್ಚೆದ್ದು ಹೋದರು. ಮೂರು ದಿನಕ್ಕೆ ಬಂದ ಪೆಟ್ಟಿಗೆಯನ್ನು ಮಾಲೀಕರು ವಾಪಸು ಕಳಿಸಲೇ ಇಲ್ಲ.

ಬಾಗಿಲಿನ ದೃಶ್ಯ ಬಂದಾಗಲಂತೂ ಅವನನ್ನು ನೋಡಬೇಕು. ವಿಲನ್ ಚೌಕಟ್ಟು ಹಿಡಿದು ಅಳುತ್ತಿದ್ದ, ಇವನು ಮೈಕಿನಲ್ಲಿ ಅಳುತ್ತಿದ್ದ. ‘ತಮ್ಮಾ, ಈ ಬಾಗಲಾ ನೋಡು. ನಿಮ್ಮ ಮನ್ಯಾಗ ಲಗ್ನ ಇತ್ತು. ಊರ ಮಂದಿಗೆಲ್ಲ ಮನಿಮನಿಗಿ ಹೋಗಿ ಕರದ್ರಿ. ನನಗ ಯಾರದೋ ಕೈಲಿ ಕಾರ್ಡ್ ಕಳಿಸಿದ್ರಿ. ನಾ ಏನ್ ಬ್ಯಾರೆ ದೇಶದಾಗಿದ್ದೆನಾ? ಎರಡು ಓಣಿ ಆಚಿಗಿದ್ದೆ! ಈ ಬಾಗಲದಾಗ ನಿಂತು ದಾರಿ ನೋಡಿದೆ ತಮ್ಮಾ. ಯಾರೂ ಬರಲಿಲ್ಲ.’

ನಮ್ಮ ಕಡೆ ಲಗ್ನಕ್ಕೆ ಬಾಗಿಲಿಗೆ ಬಂದು ಕರೆಯದಿದ್ದರೆ ಅದು ಕರೆದಂತೆಯೇ ಅಲ್ಲ. ಹೆಣ್ಣುಮಕ್ಕಳ ಕಡೆಯಿಂದ ಮೂಗು ಒರೆಸುವ ಸದ್ದು ಬರುತ್ತಿತ್ತು. ‘ಪಾಪ, ಇಷ್ಟು ದೊಡ್ಡ ಮನುಷ್ಯಾಗ ಹಂಗ ಮಾಡಬಹುದೇನವ್ವಾ?’ ‘ಸುರೀಲಿ ಬಿಡ, ಸಮುದ್ರ ಸುರೀಲಿ!’ ಕಡೆಗೆ ಹೀರೋ ಗೆದ್ದಾಗ ನೆಲದ ಮೇಲೆ ಕೂತ ಮಂದಿ ಅವನಿಗೆ ಬೈಯುತ್ತ ಹೊರಗೆ ಹೋಗುತ್ತಿದ್ದರು. ಸುತ್ತಲಿನ ಹಳ್ಳಿಗಳಲ್ಲಿ ಸುದ್ದಿಯಾಯಿತು. ಮುಂದಿನ ಭಾನುವಾರ ಬುತ್ತಿ ಕಟ್ಟಿಕೊಂಡು, ಟ್ರ್ಯಾಕ್ಟರ್ ಹತ್ತಿ ಬಂದರು. ಗೆಳೆಯ ಹೊಸ ಅಂಗಿ ತೊಟ್ಟು ಬಂದು ಮೈಕಿನಲ್ಲಿ, ‘ಇವತ್ತ ಬಾಗಲದ ಸೀನಿನ್ಯಾಗ ಒಂದು ಹೊಸಾ ಮಾತು ಹೇಳೋದದ, ಯಾರೂ ನಡುವೆ ಏಳಬ್ಯಾಡ್ರಿ’ ಎಂದ.

ಆ ದಿನ ಬಾಗಿಲು ಬರಲಿಲ್ಲ. ಆ ರೀಲು ಓಡಲೇ ಇಲ್ಲ. ಒಂದು ಕ್ಷಣ ವಿಲನ್ ಗಹಗಹಿಸಿ ನಗುತ್ತ ಹೀರೋನನ್ನು ಪಂಜರಕ್ಕೆ ತಳ್ಳುತ್ತಿದ್ದ, ಮರುಕ್ಷಣ ಅದೇ ಹೀರೋನ ಹೆಗಲ ಮೇಲೆ ತಲೆಯಿಟ್ಟು ಬಿಕ್ಕುತ್ತಿದ್ದ. ‘ಏ ಮಾಸ್ತರ, ಬಾಗಲಾ ಎಲ್ಲಿ?’ ಎಂದು ಜನ ಕೂಗಿದರು. ‘ಈಗ ಬರ್ತದ್ರಿ, ಈಗ ಬರ್ತದ’ ಎಂದು ಗೆಳೆಯ ಮೈಕಿನಲ್ಲಿ ಹೇಳುತ್ತಲೇ ಇದ್ದ. ಸಿನಿಮಾ ಮುಗಿದು ದೀಪ ಹತ್ತಿದ ಮೇಲೂ, ‘ಕುಂದರ್ರಿ, ಬರ್ತದ’ ಎಂದ. ಬಾಳೆಹಣ್ಣಿನ ಸಿಪ್ಪೆ ತೂರಿದರು, ಅವನೇ ಬಸ್‌ಸ್ಟ್ಯಾಂಡಿನಲ್ಲಿ ಮಾರಿದ ಹಣ್ಣಿನ ಸಿಪ್ಪೆ. ಮಾಲೀಕರು ಮರುದಿನ ಮೈಕು ಎತ್ತಿಟ್ಟರು. ಅವನು ಮತ್ತೆ ಟಾಕೀಸಿನ ಕಡೆ ಹಾಯಲಿಲ್ಲ.

‘ಆ ರೀಲ್ ಏನಾಗಿತ್ತು ಮುತ್ಯಾ?’

‘ಬೆಂಕಿ ಹತ್ತಿತ್ತವ್ವ. ಆರಿಸ್ಲಿಕ್ಕಿ ಹೋಗಿ ನನ್ನ ಕೈನೂ ಸುಟ್ಟಿತ್ತು’ ಎಂದೆ.

‘ನಮ್ಮಪ್ಪಗ ನೀ ಬ್ಯಾರೇನೇ ಹೇಳೀದಿ. ಕಡೀ ಬಸ್ ತಪ್ಪಬಾರದಂತ ರೀಲ್ ಬಿಟ್ಟಿದ್ದಿ ಅಂತಿದ್ದ.’

ಅದು ನನ್ನ ಕಥೆಯ ನಡುವಿನ ಅವತಾರ, ಇದು ಹಳೆಯದರದೇ ಹೊಸ ಶುರುವಾತ ಎಂದು ಹೇಳಲು ಆಗುತ್ತದೆಯೇ? ಅಂಬಿಕಾ ಅಕ್ಕಿಯ ಡಬ್ಬಿಯ ಮುಂದೆ ಕೂರುವ ಹಾಗೆ ನನ್ನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ‘ಟ್ರ್ಯಾಕ್ಟರ್‌ದಾಗ ಬಂದ ಮಂದಿಗಿ ಬಸ್ಸಿನ ಚಿಂತಿ ಯಾಕ? ಇದು ಒಂದು ತೂತು. ಹೊತ್ತು ಉಳಸಾದಿದ್ರ ಹೀರೋ ಸುಮ್ಮಸುಮ್ಮನೆ ಹಾರೋದು ಬಿಡಬೇಕಿತ್ತು, ಬಾಗಲದ ರೀಲೇ ಯಾಕ ಬಿಟ್ಟಿ? ಇದು ಎರಡನೇದು.’

ನೀಲಮ್ಮ ಸೊಪ್ಪಿನಿಂದ ತಲೆ ಎತ್ತದೆ, ‘ಮರುದಿನ ಸೋಮವಾರ ನಾ ನಮ್ಮ ತಂಗಿ ಕರಕೊಂಡು ಹೋಗಿದ್ದೆ. ಬಾಗಲಾ ಇತ್ತಲ್ಲ’ ಎಂದಳು.

‘ಸುಟ್ಟ ರೀಲು ಸೋಮವಾರ ಹೆಂಗ ಓಡ್ತು ಮುತ್ಯಾ?’

‘ಕೈಗೂ ಏನೂ ಆಗಿದ್ದಿಲ್ಲ,’ ಎಂದು ನೀಲಮ್ಮ ಇನ್ನೊಂದು ಕಟ್ಟು ಬಿಚ್ಚಿದಳು. ‘ಉಣ್ಣೋ ಮುಂದ ಕೈಗಿ ಸುತ್ತಿದ ಬಟ್ಟಿ ಬಿಚ್ಚಿಟ್ಟು ರೊಟ್ಟಿ ಮುರೀತಿದ್ರು. ಹೊರಗ ಹೋಗೋ ಮುಂದ ಮತ್ತ ಕಟ್ಕೋತಿದ್ರು. ಒಂದಿನ ಎಡಗೈಗಿ ಕಟ್ಕೊಂಡು ಹೋಗಿದ್ರು.’

ಅಂಬಿಕಾ ನಕ್ಕು ನಕ್ಕು ನೆಲಕ್ಕೆ ಉರುಳಿದಳು. ನಾನೂ ನಕ್ಕೆ. ನಗು ನಿಂತಾಗ ಅವಳು ಕಣ್ಣು ಒರೆಸಿಕೊಂಡು ಕೇಳಿದಳು. ‘ಆಯ್ತು, ರೀಲ್ ನೀನೇ ತೆಗ್ದಿದ್ದಿ. ಯಾಕ ತೆಗ್ದಿ?’

ಉತ್ತರ ನೀಲಮ್ಮನೇ ಕೊಟ್ಟಳು. ‘ಲಗ್ನದ ಕಾರ್ಡಿನ ಸಿಟ್ಟು.’

ಹೌದು. ಆ ಸಿನಿಮಾ ಬರುವುದಕ್ಕೆ ಸ್ವಲ್ಪ ದಿನ ಮೊದಲು ಗೆಳೆಯನ ತಂಗಿಯ ಮದುವೆಯಾಗಿತ್ತು. ಟಾಕೀಸಿನಲ್ಲಿ ಟಿಕೆಟ್ ಕೊಡುವವನ ಕೈಯಲ್ಲಿ ಅವನು ನನಗೆ ಕಾರ್ಡು ಕಳಿಸಿದ್ದ. ಎರಡೇ ಓಣಿ ಆಚೆಗೆ ನಮ್ಮ ಮನೆ. ನಾನು ಮದುವೆಗೆ ಹೋಗಲಿಲ್ಲ. ಎದುರಿಗೆ ಸಿಕ್ಕರೆ ಹೂಂ, ಹಾಂ ಅಷ್ಟೇ. ಹೀಗಿರುವಾಗ ಒಂದು ದಿನ ಮೇಲಿನ ಕ್ಯಾಬಿನ್ನಿನಲ್ಲಿ ಮಷೀನು ಗರಗರ ಓಡುತ್ತಿರಲು, ನನ್ನ ಮನಸ್ಸಿನ ಕುದಿಯೆಲ್ಲ ಅವನ ಬಾಯಿಂದ, ಮೈಕಿನಲ್ಲಿ, ಬಿಳಿ ಗಡ್ಡದ ವಿಲನ್ನನ ಹೆಸರಿನಲ್ಲಿ ಹೊರಗೆ ಬಂತು. ಬೆಂಚಿನ ಕಡೆ ಯಾರೋ ಕಿಸಕ್ಕನೆ ನಕ್ಕರು. ಊರಿಗೆ ಊರೇ ನನ್ನನ್ನು ನೋಡಿ ನಗುತ್ತಿದೆ ಎಂದುಕೊಂಡೆ. ಶನಿವಾರದವರೆಗೆ ಹಲ್ಲು ಕಚ್ಚಿ ತಡೆದೆ. ಭಾನುವಾರ ಹೊಸಾ ಮಾತು ಹೇಳುತ್ತೇನೆ ಎಂದನಲ್ಲ, ಇನ್ನೇನು ಹೆಸರು ಹಿಡಿದೇ ಮರ್ಯಾದೆ ಕಳೆಯುತ್ತಾನೆ ಎಂದು ಆ ರೀಲಿನ ಡಬ್ಬಿಯನ್ನು ಸ್ಟೂಲಿನ ಕೆಳಗೆ ತಳ್ಳಿ ಮುಂದಿನದನ್ನು ಏರಿಸಿದೆ. ಕೆಳಗೆ ಅವನು ‘ಈಗ ಬರ್ತದ’ ಎನ್ನುತ್ತ ನಡುನಡುವೆ ಕ್ಯಾಬಿನ್ನಿನ ಕಿಂಡಿಯ ಕಡೆ ತಿರುಗಿ ನೋಡುತ್ತಿದ್ದ. ನಾನು ಕಿಂಡಿಯಿಂದ ಪಕ್ಕಕ್ಕೆ ಸರಿದು ನಿಂತಿದ್ದೆ.

ಅಂಬಿಕಾ ಈ ಸಲ ನಗಲಿಲ್ಲ. ‘ಹೆಣ್ಣುಮಕ್ಕಳು ಅತ್ರು ಅಂದಿಯಲ್ಲ ಮುತ್ಯಾ? ನಿನ್ನ ನಗಿಪಾಟಲ ಮಾಡಾಂವ ಮಂದಿಗಿ ಯಾಕ ಅಳಸ್ತಾನ?’ ಆಮೇಲೆ, ‘ಅವರು ಇನ್ನಾ ಅದಾರೇನು?’ ಎಂದಳು.

ಇದ್ದಾನೆ. ಕಮಲಾಪುರದ ಬಸ್‌ಸ್ಟ್ಯಾಂಡಿನ ಪಕ್ಕದಲ್ಲೇ ಅವನ ಹಣ್ಣಿನ ಅಂಗಡಿ. ಬೀದರಿಗೆ ಹೋಗುವಾಗಲೆಲ್ಲ ನಾನು ಬಸ್ಸಿನಲ್ಲಿ ಆ ಕಡೆಯ ಕಿಟಕಿ ಬಿಟ್ಟು ಈ ಕಡೆ ಕೂರುತ್ತೇನೆ.

ಭಾನುವಾರ ಅವಳ ಸ್ಕೂಟರಿನ ಹಿಂದೆ ಕೂತು ಹೋದೆ. ದಾರಿಯುದ್ದಕ್ಕೂ, ‘ತಪ್ಪಾಯ್ತು ದೋಸ್ತ, ಆ ರೀಲು ನಾನೇ ತೆಗ್ದಿದ್ದೆ’ ಎಂದು ಗಾಳಿಗೆ ಹೇಳಿ ಹೇಳಿ ರೂಢಿ ಮಾಡಿಕೊಂಡೆ. ಅಂಬಿಕಾ ಹೆಲ್ಮೆಟ್ಟಿನೊಳಗಿಂದ, ‘ಇನ್ನಾ ಸ್ವಲ್ಪ ದನಿ ಎತ್ತು ಮುತ್ಯಾ’ ಎನ್ನುತ್ತಿದ್ದಳು.

ಅವನು ನನ್ನನ್ನು ನೋಡಿದ್ದೇ ತಡ, ಗಲ್ಲಾಪೆಟ್ಟಿಗೆಯ ಹಿಂದಿನಿಂದ ಧಡಕ್ಕನೆ ಎದ್ದ. ‘ಅರೆ, ಶರಣ್ಯಾ! ಮೀಸಿ ಯಾರಿಗಿ ಮಾರ್ಕೊಂಡಿ ಲೇ?’ ಗಂಟಲು ಹಾಗೆಯೇ ಇತ್ತು. ನಿಂತ ಬಸ್ಸಿನ ಜನರೆಲ್ಲ ನನ್ನ ತುಟಿಯ ಕಡೆ ನೋಡಿದರು. ಕೂರಿಸಿದ. ಕೆಂಪು ಬಾಳೆಹಣ್ಣು ಸುಲಿದು ಕೈಗೆ ಕೊಟ್ಟ. ಅಂಬಿಕಾಳಿಗೆ, ‘ನಿಮ್ಮ ಮುತ್ಯಾ ಎಂಥಾ ಮನುಷ್ಯಾ ಗೊತ್ತದ ಏನವ್ವಾ?’ ಎಂದ.

‘ನೀವೇ ಹೇಳ್ರಿ’ ಎಂದಳು ಅವಳು, ನನ್ನ ಕಡೆ ನೋಡುತ್ತ.

‘ನನ್ನ ಸಲುವಾಗಿ ಬೆಂಕ್ಯಾಗ ಕೈ ಹಾಕಿದಾಂವ! ರೀಲ್ ಸುಡ್ಲಾಕತ್ತಿತ್ತಂತ. ದೋಸ್ತನ ಇಜ್ಜತ್ ಹೋಗ್ತದಂತ ಬರೀ ಕೈಲೆ ಹಿಡದಾನ.’ ನನ್ನ ಬಲಗೈ ಎಳೆದುಕೊಂಡು ಅಂಗೈ ತಿರುಗಿಸಿ ತಿರುಗಿಸಿ ನೋಡಿದ. ‘ಗುರ್ತು ಸುದ್ದಾ ಉಳಿದಿಲ್ಲ ನೋಡು. ದೇವರು ದೊಡ್ಡಾಂವ.’

ಈಗ ಹೇಳಬೇಕಾಗಿತ್ತು. ಬಾಯಿ ತುಂಬ ಬಾಳೆಹಣ್ಣಿತ್ತು. ಅದು ನುಂಗುವಷ್ಟರಲ್ಲಿ ಅವನೇ ದನಿ ತಗ್ಗಿಸಿ ಶುರು ಮಾಡಿದ.

‘ಖರೆ ಹೇಳಬೇಕಂದ್ರ ಗಲತಿ ನಂದೇ ಇತ್ತು ಶರಣ್ಯಾ. ತಂಗೀ ಲಗ್ನಕ್ಕ ನಿನಗ ಬಾಗಲಕ್ಕ ಬಂದು ಕರೀಲಿಲ್ಲ. ಗಡಿಬಿಡಿ ಇತ್ತು, ಯಾರ ಕೈಲೋ ಕಾರ್ಡ್ ಕೊಟ್ಟೆ. ಆಮ್ಯಾಲ ನಿನ್ನ ಮುಖ ನೋಡಿ ಗೊತ್ತಾಯ್ತು. ಮನಿಗಿ ಬರ್ಲಿಕ್ಕಿ ನಾಚಿಕಿ. ಅದಕ್ಕ ದಿನಾ ಆ ಗಡ್ಡದಾಂವನ ಬಾಯಿಲೆ ನಿನ್ನ ದುಃಖ ಹೇಳ್ತಿದ್ದೆ. ಮ್ಯಾಲ ಕೇಳಸ್ತಿತ್ತಿಲ್ಲೋ? ಹೊಸಾ ಮಾತದ ಅಂದಿದ್ದೆನಲ್ಲ, ಆ ಐತಾರ ನಿನ್ನ ಹೆಸರು ಹಿಡಿದು, ಆಪರೇಟರ್ ಶರಣಪ್ಪಗ ನನ್ನಿಂದ ತಪ್ಪಾಗ್ಯದ, ಮಾಫ್ ಮಾಡಬೇಕು ಅಂತ ಮೈಕಿನ್ಯಾಗ ಹೇಳಾಂವ ಇದ್ದೆ. ಹೊಸಾ ಅಂಗಿ ಅದಕ್ಕೇ ಹಾಕ್ಕೊಂಡಿದ್ದೆ. ರೀಲೇ ಸುಟ್ಟು ಹೋಯ್ತು ನೋಡು.’

ನಾನು ಏನೆಂದೆ? ‘ಕೇಳಸ್ತಿತ್ತು’ ಎಂದೆ. ಅಷ್ಟೇ ಎಂದೆ. ಅವನು ಇನ್ನೊಂದು ಹಣ್ಣು ಸುಲಿದು ಕೊಟ್ಟ, ಅದನ್ನೂ ತಿಂದೆ. ಮಾತಾಡಲು ಬಾಯಿ ತೆರೆದಾಗಲೆಲ್ಲ ಒಂದು ಹಣ್ಣು ಒಳಗೆ ಹೋಯಿತು. ಹೊರಡುವಾಗ ಒಂದು ಗೊನೆಯನ್ನೇ ಸ್ಕೂಟರಿಗೆ ಕಟ್ಟಿದ. ಅಂಬಿಕಾ ಕಾದಳು, ಹೆಲ್ಮೆಟ್ಟು ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ನಾನು, ‘ಬರ್ತೀನಿ ದೋಸ್ತ’ ಎಂದೆ. ಬಂದುಬಿಟ್ಟೆ.

ಊರು ದಾಟಿದ ಮೇಲೆ ಅವಳು, ‘ಎಂಥಾ ವಿಲನ್ ಮುತ್ಯಾ ನೀ! ಹಾಳು ಮಾಡಾಂವ ನೀ, ಮಾಫಿ ಕೇಳಾಂವ ಅವ್ರು, ಹಣ್ಣು ತಿನ್ನಾಂವ ಮತ್ತ ನೀ. ಇಂಥಾ ಕಥಿ ಯಾರರೆ ನಂಬ್ತಾರಾ?’ ಎಂದಳು. ನನಗೂ ನಂಬಲು ಆಗುವುದಿಲ್ಲ. ಮನೆಯಲ್ಲಿ ನೀಲಮ್ಮ ಗೊನೆಯ ಗಾತ್ರ ನೋಡಿಯೇ, ‘ಹೇಳಲಿಲ್ಲ ಅಲ್ಲಾ?’ ಎಂದು ಒಳಗೆ ಹೋದಳು.

ಅದಕ್ಕೇ ಇದನ್ನು ಬರೆಯಲು ಕೂತೆ. ಅಂಬಿಕಾ ಓದಿ ನೋಡಿ ಎರಡು ತೂತು ತೋರಿಸಿದ್ದಾಳೆ. ಒಂದು, ಉದ್ದಕ್ಕೂ ‘ಗೆಳೆಯ, ಗೆಳೆಯ’ ಎಂದು ಬರೆದು ಹೆಸರು ಯಾಕೆ ಮುಚ್ಚಿಟ್ಟಿದ್ದೀ? ಹೆಸರಿಲ್ಲದವನಲ್ಲಿ ಮಾಫಿ ಕೇಳುವುದು ಎಂದರೇನು? ಎರಡು, ಕಮಲಾಪುರಕ್ಕೆ ತಾಸಿಗೆ ಎಷ್ಟೋ ಬಸ್ಸುಗಳಿರುವಾಗ ಇದನ್ನು ಪತ್ರಿಕೆಗೆ ಕಳಿಸುವುದೇಕೆ? ಎರಡನೆಯದನ್ನು ಮುಚ್ಚಲು ಬಸ್ಸನ್ನೇ ಹತ್ತಬೇಕು. ಮೊದಲನೆಯದನ್ನು ಮಾತ್ರ ಈಗಲೇ ಮುಚ್ಚಬಲ್ಲೆ. ಅವನ ಹೆಸರು ದಸ್ತಗೀರಸಾಬ ಬಾಗವಾನ.